ಸದ್ದಲ್ಲ, ನಡುಕ

ತುಂಬು ಬಸುರಿಯೊಬ್ಬಳು ಓಡುವ ಜೀಪಿನಿಂದ ಒಂದು ಕಾಲು ಹೊರಗಿಟ್ಟು, "ನಿಲ್ಸ್‌ದಿದ್ರೆ ಹಾರ್ಬುಡ್ತೀನಿ" ಅಂದರೆ ನೀವೇನು ಮಾಡುತ್ತೀರಿ?

ಹೋದ ವಾರ ಹಾಗೆ ಕಾಲು ಹೊರಗಿಟ್ಟವಳು ನನ್ನ ತಂಗಿ ಗೌರಿ. ಜೀಪು ಓಡಿಸುತ್ತಿದ್ದವರು ಅವಳ ಗಂಡ, ನಮ್ಮ ಮುನಿರಾಜು ಭಾವ. ಹಿಂದಿನ ಸೀಟಿನಲ್ಲಿ ಕೂತವನು ನಾನು.

ಗೌರಿಯ ಚೊಚ್ಚಲ ಕೂಸು ಉದ್ದನಪಲ್ಲಿಯಿಂದ ಹೊಸೂರಿನ ಆಸ್ಪತ್ರೆಗೆ ಹೋಗುವಾಗ ಎತ್ತಿನ ಗಾಡಿಯಲ್ಲೇ ಹುಟ್ಟಿ, ಅಲ್ಲೇ ತೀರಿಕೊಂಡಿತ್ತು. ಇನ್ನೊಮ್ಮೆ ಹಾಗಾಗಬಾರದೆಂದೇ ಭಾವ, ಮಹಾಯುದ್ಧ ಮುಗಿದ ಮೇಲೆ ಸೇನೆಯವರು ಹರಾಜಿಗಿಟ್ಟ ಜೀಪೊಂದನ್ನು ತಂದರು. ಹೆಂಡತಿಯ ಮೇಲಿನ ಪ್ರೀತಿಗೇ ತಂದದ್ದು, ಸುಳ್ಳಲ್ಲ.

ಆದರೆ ನಮ್ಮ ರಸ್ತೆ ಗೊತ್ತಲ್ಲ? ಗಾಡಿ ಚಕ್ರ ಕೊರೆದ ಜಾಡಿನ ನಡುವೆ ದಿಬ್ಬ. ಜೀಪಿನ ಹೊಟ್ಟೆ ಅದಕ್ಕೆ ಉಜ್ಜುತ್ತಿತ್ತು. ಭಾವ ಊರಿನ ಗಾಡಿ ಆಚಾರಿಗೆ ಹೇಳಿ, ಜಟಕಾದ ಸ್ಪ್ರಿಂಗ್ ಪಟ್ಟೆಗಳನ್ನು ಸೇರಿಸಿ ಜೀಪನ್ನು ಎತ್ತರಿಸಿದರು.

ಎತ್ತಿನ ಗಾಡಿಯನ್ನು ಎತ್ತರಿಸಿದರೆ ನಷ್ಟವೇನು? ಎಳೆಯುವುದು ಎತ್ತು. ಜೀಪಿನ ಅಡಿಯಲ್ಲಾದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟ್ ತಿರುಗುತ್ತಿರುತ್ತದೆ. ಮೈ ಮೇಲೆದ್ದರೆ ಅದು ಓರೆಯಾಗಿ, ಅದರ ಕೀಲು ಸವೆದು ಸಡಿಲವಾಗುತ್ತದೆ. (ಇದೆಲ್ಲ ಈಗ ಗೊತ್ತಾದ ಮಾತು.)

ಅಂದಿನಿಂದ ಜೀಪು ಲಟಲಟ ಅನ್ನತೊಡಗಿತು. ಊರಿಗೆ ಅದೇ ಚೆಂದ! ನಮ್ಮ ಕಡೆ ಚಕ್ರ ಲೊಟಕ್ ಲೊಟಕ್ ಅನ್ನದ ಗಾಡಿಗೆ ಮರ್ಯಾದೆಯೇ ಇಲ್ಲ. ಭಾವ ಬೇಕೆಂದೇ ಬೀದಿಯಲ್ಲಿ ಎರಡು ಸುತ್ತು ಹೆಚ್ಚಿಗೆ ಹಾಕುತ್ತಿದ್ದರು.

ಹೆರಿಗೆಗೆ ಮುಂಚೆಯೇ ಬಂದು ಸೇರಬೇಕೆಂದು ಹೊಸೂರಿನ ಡಾಕ್ಟರಮ್ಮ ಹೇಳಿದ್ದರು. ಆ ಬೆಳಿಗ್ಗೆ ಹೊರಟೆವು. ಅಂಗಡಿ ಚೆಟ್ಟಿಯಾರರು ಜಗಲಿಯಿಂದಲೇ, "ಅಪ್ಪಾ! ಎನ್ನ ಸತ್ತಂ!" ಅಂದರು. (ತಮಿಳಿನಲ್ಲಿ ‘ಎನ್ನ ಸತ್ತಂ’ ಅಂದರೆ ‘ಎಂಥ ಸದ್ದು’. ಆದರೂ ಒಂದು ಕೂಸು ಕಳೆದುಕೊಂಡ ಕನ್ನಡದ ಕಿವಿಗೆ ಅದು ಹೇಗೆ ಕೇಳೀತು?)

ಊರು ದಾಟಿ ಸ್ವಲ್ಪ ದೂರಕ್ಕೇ ಗೌರಿ, "ನಿಲ್ಸಿ, ಏನೋ ಸರಿ ಇಲ್ಲ" ಅಂದಳು.

ಭಾವ ನಕ್ಕರು. "ಚೆಟ್ಟಿ ಸತ್ತಂ ಅಂದಿದ್ಕೆ ಹೆದರ್ಕಂಡವ್ಳೆ. ಲೇ, ಅದು ಸದ್ದು ಕಣೇ!"

"ಸದ್ದಲ್ಲ ಕಣ್ರೀ, ನಡುಕ. ಪಾದದ ಅಡೀಲಿ ಬತ್ತೈತೆ. ಹೋದ್ಸಲ ಬಂದಾಗ ಇರ್ಲಿಲ್ಲ."

ನನಗೂ ನಡುಕ ತಿಳಿಯುತ್ತಿತ್ತು. ಆದರೂ ಬಸುರಿಯ ಹೆದರಿಕೆ ಎಂದೇ ನಾನೂ ಅಂದುಕೊಂಡೆ. ಆಗಲೇ ಅವಳು ಕಾಲು ಹೊರಗಿಟ್ಟದ್ದು.

ಜೀಪು ನಿಂತಿತು. ಭಾವನ ಮುಖ ಕೆಂಪಾಗಿತ್ತು. "ಎತ್ತಿನ್ ಗಾಡೀಲೇ ಹೋಗ್ಬೇಕಾ? ಆಗ್ಲಿ. ಮುಂದ್ಲೂರಿಂದ ಕಳಿಸ್ತೀನಿ, ಕುಂತಿರು" ಎಂದು ನಮ್ಮಿಬ್ಬರನ್ನೂ ಹುಣಸೆಮರದ ಕೆಳಗೆ ಇಳಿಸಿ, ರೋಷದಿಂದ ಇಳಿಜಾರಿನಲ್ಲಿ ಜೀಪು ಬಿಟ್ಟರು.

ನಮ್ಮ ಕಣ್ಣೆದುರೇ ಶಾಫ್ಟ್ ಕಳಚಿ ನೆಲಕ್ಕೆ ನಾಟಿತು. ಜೀಪು ಎಗರಿ ಮಗುಚಿತು. ಗೌರಿ ಕೂಗಿದ ಕೂಗು ನಾನು ಸಾಯುವವರೆಗೆ ಮರೆಯಲಾರೆ.

ಮುಂದಿನೂರಿನವರು ಓಡಿಬಂದರು. ಅವರ ಎತ್ತಿನ ಗಾಡಿಯಲ್ಲೇ ಭಾವ, ಗೌರಿ ಇಬ್ಬರನ್ನೂ ಹೊಸೂರಿಗೆ ಸಾಗಿಸಿದೆವು. ಭಾವನ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಮರುದಿನ ಗೌರಿಗೆ ಹೆಣ್ಣುಮಗು. ಗಟ್ಟಿಯಾಗಿದೆ, ಚೆನ್ನಾಗಿ ಅಳುತ್ತದೆ.

ಈಗ ಆಸ್ಪತ್ರೆಗೆ ನೆಂಟರ ಸಾಲು. ಭಾವ ಮಲಗಿದಲ್ಲಿಂದಲೇ ಎಲ್ಲರಿಗೂ ಹೇಳುತ್ತಿದ್ದಾರೆ: "ನಮ್ ಜೀಪು ಮೊದ್ಲೇ ಸೂಚನೆ ಕೊಟ್ಟಿತ್ತು ಕಣಣ್ಣಾ. ಗ್ರಹಚಾರ, ತಿಳೀಲಿಲ್ಲ."

ನೆಂಟರು ಹೌದೌದು ಎಂದು ತಲೆಯಾಡಿಸುತ್ತಾರೆ. ಪಕ್ಕದಲ್ಲೇ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಗೌರಿಯನ್ನು ಒಬ್ಬರೂ ಏನೂ ಕೇಳುವುದಿಲ್ಲ.

ಅಲ್ಲ ಸ್ವಾಮಿ, ಜೀಪು ನಡುಗಿದರೆ ಅದು ಸೂಚನೆ, ಹೆಂಗಸು ಬಾಯಿಬಿಟ್ಟು ಹೇಳಿದರೆ ಬರೀ ಹೆದರಿಕೆಯೇ?