ನೀರುಗಂಟಿ ತಾತನ ಸಾಕ್ಷಿ

ಅವರ ಕಾಲ್ಬೆರಳುಗಳು ಒಂದಕ್ಕೊಂದು ತಾಕುತ್ತಿರಲಿಲ್ಲ. ಜೀವಮಾನವೆಲ್ಲ ಕೆಸರಿನಲ್ಲಿ ಊರಿ ನಡೆದು ಬೀಸಣಿಗೆಯ ಹಾಗೆ ಅಗಲವಾಗಿದ್ದವು. ಲಕ್ಷ್ಮೀಪುರಂನ ನನ್ನ ಕಚೇರಿಗೆ ಬಂದಾಗಲೆಲ್ಲ ಚಪ್ಪಲಿ ಹೊರಗೇ ಬಿಟ್ಟು, ನೆಲ ಕೊಳೆಯಾದೀತೆಂದು ಗೋಡೆಯ ಪಕ್ಕವೇ ನಡೆದು ಬರುತ್ತಿದ್ದರು. ಕುಡಿಯಲು ನೀರು ಕೊಟ್ಟರೆ, "ಇದು ಯಾವ ನೀರವ್ವ?" ಎಂದು ಕೇಳಿ ತಿಳಿದುಕೊಂಡೇ ಲೋಟ ಎತ್ತುತ್ತಿದ್ದರು.

ಶ್ರೀರಾಂಪುರ ದಾಟಿ ಹೋದರೆ ಸಿಗುವ ಒಂದು ಊರಿನ ನೀರುಗಂಟಿ ಅವರು. ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಊರಿಗೆಲ್ಲ ತಾತ, ನನಗೂ ತಾತ.

ಅವರ ಊರಿನವರು ಕೆಳಗಿನ ಊರಿಗೆ ಹೋಗುವ ಕಾಲುವೆಯ ಬಾಯಿಗೆ ಗೋಡೆ ಕಟ್ಟಿಬಿಟ್ಟಿದ್ದರು. ಕೆರೆ ತುಂಬಿದ ಮೇಲೆ ವಾರಕ್ಕೆ ಮೂರು ದಿನ ನೀರು ತಮ್ಮದೆಂದು ಕೆಳಗಿನವರು ದಾವೆ ಹೂಡಿದರು. ನಾನು ಕೆಳಗಿನವರ ವಕೀಲೆ. ಕೋರ್ಟು ನೇಮಿಸಿದ ಕಮಿಷನರು ಬಂದು ಕಾಲುವೆ ಅಳೆದು ವರದಿ ಕೊಟ್ಟರು. ಆದರೆ ಮೂರು ದಿನದ ಹಕ್ಕಿಗೆ ಕಾಗದವಿರಲಿಲ್ಲ. ಅದನ್ನು ಬಲ್ಲವರು, ತಮ್ಮ ಕೈಯಾರೆ ನೀರು ಬಿಟ್ಟವರು, ತಾತ ಒಬ್ಬರೇ.

ಅವರಿಗೆ ಸಮನ್ಸ್ ಕಳಿಸುವ ಮುನ್ನ ಅವರ ಮಗ ನನ್ನ ಕಚೇರಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಅಪ್ಪನ್ನ ಕರೀಬೇಡಿ ಮೇಡಂ. ಅವರಿಗೆ ಸುಳ್ಳು ಹೇಳಕ್ಕೆ ಬರಲ್ಲ. ನಾವು ಅದೇ ಊರಲ್ಲಿ ಬಾಳ್ಬೇಕು" ಎಂದ. ಯೋಚಿಸುತ್ತೇನೆ ಎಂದು ಹೇಳಿ ಕಳಿಸಿದೆ. ಯೋಚಿಸಲಿಲ್ಲ. ಅದು ನಾನು ಸ್ವಂತವಾಗಿ ನಡೆಸುತ್ತಿದ್ದ ಮೊದಲ ದೊಡ್ಡ ದಾವೆ, ಗೆಲ್ಲಬೇಕಿತ್ತು.

ಸಮನ್ಸ್ ಹೋದ ಮೇಲೆ ನೀರಿನ ಲೆಕ್ಕ ಹೇಳಲು ನಾಲ್ಕಾರು ಸಲ ನನ್ನ ಕಚೇರಿಗೆ ಬಂದುಹೋಗಿದ್ದ ತಾತ, ಸಾಕ್ಷಿಯ ದಿನ ಒಗೆದ ಪಂಚೆ ಉಟ್ಟು ಕೋರ್ಟಿಗೆ ಬಂದರು. ಕೆಳಗಿನ ಊರಿಗೆ ವಾರಕ್ಕೆ ಮೂರು ದಿನ ತಾವೇ ನೀರು ಬಿಡುತ್ತಿದ್ದುದಾಗಿ, ಸುಗ್ಗಿಯಲ್ಲಿ ತಮ್ಮ ಕೂಲಿಯ ಭತ್ತವನ್ನು ಎರಡೂ ಊರಿನವರು ಅಳೆದು ಕೊಡುತ್ತಿದ್ದರೆಂದು, ತಮ್ಮಪ್ಪನ ಕಾಲದಲ್ಲೂ ಹಾಗೇ ಇತ್ತೆಂದು ಹೇಳಿದರು. ನೀರಿನ ಹಕ್ಕಿಲ್ಲದ ಊರು ನೀರುಗಂಟಿಗೆ ಭತ್ತ ಯಾಕೆ ಕೊಟ್ಟೀತು? ಅಷ್ಟರಿಂದಲೇ ದಾವೆ ನಮ್ಮ ಕಡೆ ವಾಲಿತು. ಎದುರು ವಕೀಲರು ಪಾಟೀಸವಾಲಿಗೆ ಎದ್ದು, ನೀನು ಯಾವ ಊರಿನವನು ಎಂದು ಕೆಣಕಿದರು.

"ನಾನು ನಮ್ಮೂರವ್ನೇ ಸ್ವಾಮಿ," ಎಂದರು ತಾತ. "ನೀರು ಇಬ್ಬರ್ದೂವೆ."

ಹಿಂದೆ ಕೂತಿದ್ದ ಅವರೂರಿನ ಜನ ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ತಾತ ಕಟಕಟೆಯಿಂದ ಅವರು ಹೋಗುವುದನ್ನೇ ನೋಡುತ್ತಿದ್ದರು.

ಗೋಡೆ ಒಡೆಯಬೇಕು, ವಾರಕ್ಕೆ ಮೂರು ದಿನ ನೀರು ಬಿಡಬೇಕು ಎಂದು ಡಿಕ್ರಿಯಾಯಿತು. ಮೇಲಿನ ಊರಿನವರು ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದರು. ಆಮೇಲೆ ತಾತ ನನ್ನ ಕಚೇರಿಗೆ ಬಂದದ್ದು ಒಂದೇ ಸಲ. ಅಂದು ನೀರು ಕೊಟ್ಟರೆ ಏನೂ ಕೇಳದೆ ಕುಡಿದರು. "ತೂಬು ಮುಟ್ಬೇಡ ಅಂದ್ಬುಟ್ರು ಕಣವ್ವ" ಎಂದರು. ಯಾರನ್ನೂ ದೂರಲಿಲ್ಲ. ಬೆಳಗಾದರೆ ಎಲ್ಲಿಗೆ ಹೋಗಬೇಕೆಂದು ತೋಚುವುದಿಲ್ಲ ಎಂದಷ್ಟೇ ಹೇಳಿದರು. ನಾನು ಕಾನೂನಿನ ನಾಲ್ಕು ಮಾತು ಹೇಳಿ ಸಮಾಧಾನ ಮಾಡಲು ನೋಡಿದೆ. ಕೈಮುಗಿದು ಹೊರಟರು.

ಆ ಮಳೆಗಾಲದಲ್ಲಿ ಹಾಸಿಗೆ ಹಿಡಿದವರು ಏಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಕೆಳಗಿನ ಊರಿನಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ದರು. ತಾತನ ಊರಿನವರು ಬೆರಳೆಣಿಕೆಯಷ್ಟು. ಮಗ ಬೈಯುತ್ತಾನೆಂದು ಹೆದರಿ ದೂರ ನಿಂತಿದ್ದೆ. ಅವನೇ ಹತ್ತಿರ ಬಂದ.

"ಹೋಗೋ ಮುಂಚೆ, ಕೆಳಗಡೆಗೆ ನೀರು ಬುಟ್ರಾ ಅಂತ ಕೇಳಿದ್ರು ಮೇಡಂ. ಬುಟ್ರು ಅಂದೆ."

ಗೋಡೆ ಆಗಿನ್ನೂ ಹಾಗೇ ಇತ್ತು. ಅವನಿಗೂ ಗೊತ್ತು, ನನಗೂ ಗೊತ್ತು.

ಮರುವರ್ಷ ಮೇಲ್ಮನವಿ ವಜಾ ಆಯಿತು. ಕೋರ್ಟಿನ ಅಮೀನರ ಮುಂದೆ ಗೋಡೆ ಒಡೆದರು, ನೀರು ಹೋಯಿತು. ಕೆಳಗಿನ ಊರಿನವರು ಹಾರ ತಂದು ನನ್ನನ್ನು ಕರೆದರು. ಹೋಗಲು ನನ್ನಿಂದಾಗಲಿಲ್ಲ.