ಹಾಲು ಉಕ್ಕಿಸಲು ಜೋಡಿ ಬೇಕು

ರಾಯಚೂರಿಗೆ ಬಂದ ಮರುದಿನ ಒಗೆದು ಹಾಕಿದ್ದ ಮಗಳ ಬಿಳಿ ಯೂನಿಫಾರ್ಮಿನ ಮೇಲೆ ಸಂಜೆ ಹೊತ್ತಿಗೆ ಕರಿ ಬೂದಿ ಕೂತಿತ್ತು. ಯಾರೋ ಬೇಕಂತಲೇ ಎರಚಿದ್ದಾರೆಂದು ನಾನು ಜಗಳಕ್ಕೇ ನಿಂತೆ. ಪಕ್ಕದ ಮನೆಯ ಪದ್ಮಮ್ಮ ನಕ್ಕಳು.

"ಅಕ್ಕಿ ಗಿರಣಿಯಾಗ ಹೊಟ್ಟು ಸುಟ್ಟ ಬೂದಿ ಅದವ್ವಾ. ಗಾಳಿ ಈ ಕಡಿ ತಿರುಗಿದ್ರ ಅರಿವಿ ಒಳಗ ಒಣಗಿಸಬೇಕು."

ಒಳಗೆ ಅಂದರೆ ಎಲ್ಲಿ? ನಮಗಿದ್ದದ್ದು ಒಂದೇ ಖೋಲಿ. ದೇವದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಬಟ್ಟೆಗೆ ಧೂಳು ಕೂರುತ್ತಿತ್ತು, ಝಾಡಿಸಿದರೆ ಹೋಗುತ್ತಿತ್ತು. ಈ ಬೂದಿ ಝಾಡಿಸಿದಷ್ಟೂ ನೂಲಿನೊಳಗೆ ಇಳಿಯುತ್ತದೆ.

ಆ ಖೋಲಿಯೂ ಸುಲಭಕ್ಕೆ ಸಿಕ್ಕಿದ್ದಲ್ಲ. ದುಡಿಯಲು ಪುಣೆಗೆ ಹೋದ ಗಂಡ ಅಲ್ಲೇ ಎಲ್ಲೋ ಕರಗಿಹೋದ. ಫೋನಿಲ್ಲ, ಸುದ್ದಿಯಿಲ್ಲ. ಕೆಲವು ವರ್ಷ ತವರಿನಲ್ಲಿದ್ದು, ಇಲ್ಲಿನ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆಯ ಕೆಲಸ ಸಿಕ್ಕ ಮೇಲೆ ಮಗಳು ಅನಿತಾಳನ್ನು ಕರೆದುಕೊಂಡು ಬಂದೆ. ಮನೆ ಕೇಳಿದಲ್ಲೆಲ್ಲ ಒಂದೇ ಪ್ರಶ್ನೆ: "ಮನಿಯಾಗ ಗಂಡಸರು ಯಾರದಾರ್ರೀ?" ಯಾರೂ ಇಲ್ಲವೆಂದರೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ಹಳ್ಳಿಯಲ್ಲಿ ನನ್ನ ಕಥೆ ಎಲ್ಲರಿಗೂ ಗೊತ್ತಿತ್ತು, ಅದೇ ಸಂಕಟ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬಾಗಿಲು ಬಾಗಿಲಿಗೂ ಹೊಸದಾಗಿ ಹೇಳಬೇಕಿತ್ತು. ಎರಡರಲ್ಲಿ ಯಾವುದು ವಾಸಿ ಎಂದು ಇಂದಿಗೂ ನನಗೆ ತಿಳಿದಿಲ್ಲ.

ಓಣಿಯಲ್ಲಿ ಅರ್ಧ ಮಂದಿ ತೆಲುಗಿನವರು. ನಾನು ಕಲಿತ ಮೊದಲ ತೆಲುಗು "ನೀಳ್ಳು ವಚ್ಚಿನಾಯಿ", ನಳಕ್ಕೆ ನೀರು ಬಂತು ಅಂತ. ಆ ಕೂಗು ಕೇಳಿದರೆ ಉಣ್ಣುವ ತಾಟು ಬಿಟ್ಟು ಕೊಡ ಹಿಡಿದು ಓಡುತ್ತಿದ್ದೆ. ಮುಂದೊಂದು ದಿನ ಎಲ್ಲರಿಗಿಂತ ಮೊದಲು ಆ ಕೂಗು ಹಾಕಿದವಳು ನಾನೇ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು.

ಬಡವರಿಗೆಂದು ಊರ ಹೊರಗೆ ಕಟ್ಟುತ್ತಿದ್ದ ಅಗ್ಗದ ಮನೆಗಳ ಸುದ್ದಿ ತಂದವಳೂ ಪದ್ಮಮ್ಮನೇ. ಅರ್ಜಿ ಕೊಡಲು ಹೋದೆ.

"ಗಂಡ ತೀರಿಕೊಂಡಾರೇನ್ರೀ, ಬಿಟ್ಟಾರೇನ್ರೀ?" ಗುಮಾಸ್ತ ಕೇಳಿದ.

"ಗೊತ್ತಿಲ್ರೀ."

ಆತ ಪೆನ್ನು ಕೆಳಗಿಟ್ಟ. "ಗೊತ್ತಿಲ್ಲ ಅಂತ ಬರಿಯಾಕ ಬರಂಗಿಲ್ಲವ್ವಾ."

ಸತ್ತಿದ್ದಾನೆಂದರೆ ದಾಖಲೆ ಬೇಕು, ಬಿಟ್ಟಿದ್ದಾನೆಂದರೆ ಕೋರ್ಟು ಬೇಕು. ಇದ್ದೂ ಇಲ್ಲದವನಿಗಾಗಿ ವರ್ಷಗಟ್ಟಲೆ ಅಲೆದೆ. ಜೊತೆಗಿದ್ದಾಗಲೂ ಆತ ನನ್ನನ್ನು ಇಷ್ಟು ಓಡಾಡಿಸಿರಲಿಲ್ಲ. ಕೊನೆಗೆ ಕೋರ್ಟಿನ ಆದೇಶ ಬಂತು, ಬ್ಯಾಂಕು ಒಪ್ಪಿತು, ಮನೆ ಸಿಕ್ಕಿತು. ಒಂದು ಹಾಲ್, ಒಂದು ಅಡುಗೆಮನೆ, ನನ್ನ ಹೆಸರು, ನನ್ನ ಕೀಲಿ.

ಆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಮಾತ್ರ ಬಾಡಿಗೆ ಖೋಲಿಯಲ್ಲೇ ಉಳಿದೆ. ಕಾರಣವನ್ನು ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಹೊಸ ಮನೆಗೆ ಗಂಡ ಹೆಂಡತಿ ಜೋಡಿಯಾಗಿ ಬಲಗಾಲಿಟ್ಟು ಹೋಗಬೇಕು, ಅವರೇ ಹಾಲು ಉಕ್ಕಿಸಬೇಕು. ಅಲ್ಲಿಯವರೆಗೆ ಒಲೆ ಹೊತ್ತಿಸುವಂತಿಲ್ಲ. ಒಂಟಿ ಹೆಂಗಸಾದರೆ ತವರಿನ ಅಣ್ಣ ಅತ್ತಿಗೆ ಬಂದು ಶಾಸ್ತ್ರ ಮುಗಿಸಿಕೊಡುತ್ತಾರೆ, ಮನೆಯವಳು ಹಿಂದೆ ನಿಲ್ಲುತ್ತಾಳೆ. ಹಿಂದೆ ನಿಲ್ಲಲು ನಾನು ತಯಾರಿದ್ದೆ, ಅಣ್ಣ ಬರಬೇಕಿತ್ತು ಅಷ್ಟೇ. ಮೊದಲು ಹತ್ತಿ ಬಿಡಿಸುವುದಿದೆ ಅಂದ. ಆಮೇಲೆ ಅತ್ತಿಗೆಗೆ ಆರಾಮಿಲ್ಲ ಅಂದ. ಸ್ವಂತ ಮನೆಗೆ ಬೀಗ ಹಾಕಿ ಇನ್ನೊಬ್ಬರಿಗೆ ಬಾಡಿಗೆ ಕಟ್ಟುವ ಜಾಣೆ ನಾನೇ ಇರಬೇಕು.

ಕೊನೆಗೆ ನಾನೇ ಊರಿಗೆ ಹೋಗಿ ಕೇಳಿದೆ. ಅಣ್ಣ ಪಡಸಾಲೆಯಲ್ಲಿ ಕೂತಿದ್ದ.

"ಬರ್ತೀನಿ ತಂಗಿ. ಅದಕ್ಕೂ ಮೊದಲ ಈ ಮನ್ಯಾಗಿನ ಪಾಲು ಬಿಟ್ಟೀನಂತ ಸಹಿ ಹಾಕಿಬಿಡು. ನಿನಗ ಈಗ ನಿಂದ ಮನಿ ಆತಲ್ಲ."

ಗಂಡ ಹೋದ ಮೇಲೆ ಮಗಳನ್ನು ಬೆಳೆಸಿದ್ದು ಆ ಮನೆಯ ಹಿಂದಿನ ಕೋಣೆಯಲ್ಲೇ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಅಣ್ಣನಿಗಿಂತ ಆ ಮೊರದ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು.

"ಹಂಗಾರ ನೀ ಬರೂದು ಬ್ಯಾಡ ಬಿಡಣ್ಣ" ಅಂದು ಎದ್ದು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಅನಿತಾಳ ಕೈ ಹಿಡಿದು ಹೊಸ ಮನೆಯೊಳಗೆ ಹೋದೆ. ಯಾವ ಕಾಲು ಮೊದಲಿಟ್ಟೆನೋ ನೆನಪಿಲ್ಲ. ಹಾಲು ನಾನೇ ಉಕ್ಕಿಸಿದೆ. ಕರೆದಿದ್ದಕ್ಕೆ ಬಂದ ಪದ್ಮಮ್ಮ ಹೊಸ್ತಿಲ ಆಚೆಯೇ ನಿಂತಳು. "ಯಾರನ್ನರ ಜೋಡಿ ಕರೀಬೇಕಿತ್ತವ್ವಾ" ಅಂದು, ಒಳಗೆ ಬಾರದೆ ಹೊರಟುಹೋದಳು. ಉಕ್ಕಿ ಉಳಿದ ಹಾಲನ್ನು ತಾಯಿ ಮಗಳು ಕುಡಿದೆವು. ಸಕ್ಕರೆ ಹಾಕುವುದನ್ನೇ ಮರೆತಿದ್ದೆ.

ಮೊನ್ನೆ ಅವ್ವ ಒಬ್ಬಳೇ ಬಂದಿದ್ದಳು. ಗೋಡೆ ಸವರಿ ನೋಡಿ "ಚಲೋ ಅದ" ಅಂದಳು, ಉಂಡಳು, ರಾತ್ರಿ ಇರು ಅಂದರೆ ಅಣ್ಣ ಬೈಯುತ್ತಾನೆ ಅಂದಳು. ಬಸ್ ನಿಲ್ದಾಣದಲ್ಲಿ ಕೇಳಿದಳು, "ಊರಿಗಿ ಯಾವಾಗ ಬರ್ತಿ?"

"ಬಂದರ ಎಲ್ಲಿ ಇರಲಿ ಯವ್ವಾ?"

ಅವ್ವ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಉತ್ತರ ಹೇಳಿದಳು. "ಹಿಂದಿನ ಕೋಣ್ಯಾಗ ನಿಮ್ಮಣ್ಣ ಹತ್ತಿ ತುಂಬ್ಯಾನ. ನನ್ನ ಹಾಸಿಗಿ ಪಡಸಾಲ್ಯಾಗ ಅದ. ಒಂದೆರಡ ದಿನ ಅದರಾಗ ಇಬ್ರೂ ಮಲಗಿದ್ರಾತು."

ಆಯಿತು ಅಂದೆ. ನಾನು ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.