ಬೆರಳು ತೂರುವಷ್ಟು ಸಡಿಲು

ನಮ್ಮ ಯಮನೂರಪ್ಪ ಮಾವ ಗಂಟು ಹಾಕಿದರೆ ಅದನ್ನು ಬಿಚ್ಚುವುದಕ್ಕೂ ಅವನೇ ಬರಬೇಕಿತ್ತು. ಒಮ್ಮೆ ಚಂದವ್ವ ಅತ್ತೆ ಗೋವಾದ ಝುವಾರಿನಗರದಿಂದ ನವಲಗುಂದ ಕಡೆಯ ತನ್ನ ತವರಿಗೆ ಹೊರಟಾಗ, ತೆಂಗಿನಕಾಯಿ ತುಂಬಿದ ಚೀಲದ ಬಾಯಿಯನ್ನು ಮಾವ ಕಟ್ಟಿಕೊಟ್ಟಿದ್ದ. ಅಲ್ಲಿ ಅವಳ ಅಣ್ಣತಮ್ಮಂದಿರು ಸರದಿಯ ಮೇಲೆ ಉಗುರು ಹಾಕಿ, ಹಲ್ಲು ಹಾಕಿ ಸೋತು, ಕೊನೆಗೆ ಕುಡಗೋಲು ತಂದು ಚೀಲವನ್ನೇ ಕೊಯ್ದರಂತೆ. ಅತ್ತೆ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ. ಈಗ ನಗಬಹುದು, ಎಲ್ಲ ಸುಸೂತ್ರವಾಗಿ ಮುಗಿದಿದೆ. ಆದರೆ ಒಂದು ಕಾಲಕ್ಕೆ ಅದೇ ಬಿಗಿ ಗಂಟು ಅವನ ಅನ್ನಕ್ಕೇ ಅಡ್ಡ ಬಂದಿತ್ತು.

ಆ ಗಂಟು ಅವನ ಕೈಗೆ ಹತ್ತಿದ್ದು ವಾಸ್ಕೋ ಬಂದರಿನಲ್ಲಿ. ಲಾರಿಗಳ ಮೇಲೆ ಹತ್ತಿ, ಸರಕಿನ ಮೇಲೆ ತಾಡಪತ್ರಿ ಹೊದಿಸಿ, ಹಗ್ಗ ಬಿಗಿಯುವುದು ಅವನ ಕೆಲಸ. ಎಲ್ಲರೂ ಬಿಗಿದು ಬಿಟ್ಟ ಮೇಲೂ ಮಾವ ಪಾದ ಒತ್ತಿ ನಿಂತು ಇನ್ನೊಂದು ಸಲ ಜಗ್ಗುತ್ತಿದ್ದ. "ಯಮನೂರಪ್ಪ ಕಟ್ಯಾನಂದ್ರ ಅನಮೋಡ ಘಾಟಿನ್ಯಾಗ ಹಿಂದ ಹೊಳ್ಳಿ ನೋಡೂದ ಬ್ಯಾಡ" ಎನ್ನುತ್ತಿದ್ದರು ಹುಬ್ಬಳ್ಳಿಯ ಡ್ರೈವರುಗಳು. ಆ ಕೊನೆಯ ಜಗ್ಗೇ ಅವನ ಹೆಸರು, ಅವನ ಹೆಮ್ಮೆ.

ಒಂದು ಮಳೆಗಾಲದಲ್ಲಿ ಹಾಗೆ ಜಗ್ಗುವಾಗಲೇ ಒದ್ದೆ ತಾಡಪತ್ರಿಯ ಮೇಲೆ ಕಾಲು ಜಾರಿತು. ಲಾರಿಯ ಮೇಲಿಂದ ಬಿದ್ದವನ ಬೆನ್ನು ನೆಟ್ಟಗಾಗಲು ಮುಂದಿನ ಬೇಸಿಗೆ ಬರಬೇಕಾಯಿತು. ಇನ್ನು ಮೇಲೆ ಭಾರ ಹೊರಬಾರದು, ಎತ್ತರ ಏರಬಾರದು, ಇನ್ನೊಂದು ಪೆಟ್ಟು ಬಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹೊರುವುದು, ಏರುವುದು ಬಿಟ್ಟರೆ ಬೇರೇನೂ ಕಲಿಯದ ಮನುಷ್ಯ. ಅಷ್ಟು ದಿನ ಮನೆ ನಡೆದದ್ದು ಅತ್ತೆಯ ಹೊಲಿಗೆ ಮಷೀನಿನ ಮೇಲೆ.

ಆಗ ಬಂದವನು ಮೈಬೂಬಸಾಬ. ಬಂದರಿನಲ್ಲಿ ಮಾವನ ಜೊತೆ ದುಡಿದವನು, ಆಮೇಲೆ ವೆರ್ಣಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿ ಬಸ್ಸಿನ ಸೀಟಿನ ಕಬ್ಬಿಣದ ಚೌಕಟ್ಟುಗಳು ತಯಾರಾಗುತ್ತಿದ್ದವು. ಅವಕ್ಕೆ ವೆಲ್ಡಿಂಗ್ ಮಾಡಲೆಂದು ಮಾಲಕರು ಎಲ್ಲಿಂದಲೋ ಒಂದು ಹಳೆಯ ರೋಬೋಟನ್ನು ಕೊಂಡು ತಂದಿದ್ದರು. ಇದು 2006ರ ಆಸುಪಾಸಿನ ಮಾತು.

"ಕುಂತ ಕೆಲಸ ಅಲ್ಲ, ಖರೇ. ಆದ್ರ ಹೊರೂದಿಲ್ಲ, ಏರೂದಿಲ್ಲ," ಎಂದ ಮೈಬೂಬಸಾಬ. "ಅದರ ಮೈಮ್ಯಾಲ ಕೇಬಲ್ಲು, ಪೈಪು ಕಟ್ಟೂದು. ಕಟ್ಟೂದ್ರಾಗ ನಿನ್ನ ಮೀರಸಾವ್ರು ಯಾರ ಅದಾರ? ನಾ ಸಾಹೇಬ್ರಿಗೆ ಮಾತ ಕೊಟ್ಟ ಬಂದೇನಿ."

"ರೋಬೋಟ್ ಅಂದ್ರ ಮನಶ್ಯಾನ ಗತೆ ಇರತೈತೇನೋ?"

"ಬರೇ ಒಂದ ಕೈ ಐತಿ. ತಲಿ ಇಲ್ಲ."

"ಹಂಗಾರ ನಮ್ಮವ್ರಿಗೆ ಚಲೋ ಹೊಂದತೈತಿ ಬಿಡ್ರಿ," ಎಂದಳು ಅತ್ತೆ ಮಷೀನಿನಿಂದ ತಲೆ ಎತ್ತದೆ.

ಮೈಬೂಬಸಾಬ ಹೇಳಿದ್ದು ಸುಳ್ಳಲ್ಲ. ಆಳೆತ್ತರದ, ಹಳದಿ ಬಣ್ಣದ ಒಂಟಿ ಕೈ. ಅದಕ್ಕೊಂದು ಭುಜ, ಒಂದು ಮೊಣಕೈ, ಒಂದು ಮಣಿಕಟ್ಟು. ಮಣಿಕಟ್ಟಿನ ತುದಿಯಲ್ಲಿ ವೆಲ್ಡಿಂಗ್ ಟಾರ್ಚು. ಆ ಟಾರ್ಚಿಗೆ ಕರೆಂಟು ಒಯ್ಯುವ ದಪ್ಪ ಕೇಬಲ್ಲು, ಗ್ಯಾಸಿನ ಪೈಪು, ಟಾರ್ಚು ಕಾಯದಂತೆ ನೀರು ತರುವ ನೀಲಿ ಪೈಪು, ಬಿಸಿಯಾದ ನೀರನ್ನು ಹಿಂದಕ್ಕೆ ಒಯ್ಯುವ ಕೆಂಪು ಪೈಪು. ಎಲ್ಲವನ್ನೂ ಒಂದು ಕಟ್ಟು ಮಾಡಿ ಬುಡದಿಂದ ಟಾರ್ಚಿನವರೆಗೆ ಆ ಕೈಯ ಗುಂಟ ಒಯ್ಯಬೇಕು. ಲೈನಿನ ಎಂಜಿನಿಯರ್ ಕಾಯ್ತಾನ್ ಸಾಹೇಬರು ಮಡಗಾವ ಕಡೆಯವರು. ನಮ್ಮವರೊಡನೆ ಬೆರೆತು ಅವರ ಬಾಯಲ್ಲಿ ಕೊಂಕಣಿ, ಹಿಂದಿ, ಕನ್ನಡ ಮೂರೂ ಒಟ್ಟಿಗೆ ಹೊರಡುತ್ತಿದ್ದವು.

"ಸಡಿಲು ಬಿಡ್ಬೇಕು, ಯಮ್ನೂರ್. ಕೈ ತಿರುಗ್ತದೆ, ಪೈಪ್ ಕೂಡ ಅದರ ಜೊತೆ ತಿರುಗ್ಬೇಕು. ಸಮಜ್ಲೆಂ ಮೂ? ತಿಳೀತಲ್ಲ?"

"ಹೌದ್ರಿ, ಸಾಹೇಬ್ರ," ಎಂದ ಮಾವ.

ಹೌದ್ರಿ ಎಂದದ್ದು ಬಾಯಿ. ಕಟ್ಟಿದ್ದು ಕೈ. ಹಲ್ಲಿರುವ ಪ್ಲಾಸ್ಟಿಕ್ ಪಟ್ಟಿಗಳನ್ನು ಕಟ್ಟಿನ ಸುತ್ತ ತೊಡಿಸಿ, ಎಳೆದು, ಆಮೇಲೆ ತನ್ನ ಆ ಕೊನೆಯ ಜಗ್ಗನ್ನೂ ಕೊಟ್ಟ. ಗೇಣಿಗೊಂದು ಪಟ್ಟಿ. ಸಂಜೆಯ ಹೊತ್ತಿಗೆ ಪೈಪುಗಳ ಕಟ್ಟು ರೋಬೋಟಿನ ಮೈಗೆ ಅಂಟಿ, ಎಣ್ಣೆ ಹಚ್ಚಿ ಹೆಣೆದ ಜಡೆಯಂತೆ ಕಾಣುತ್ತಿತ್ತು. ಮೈಬೂಬಸಾಬ ಸುತ್ತಲೂ ಒಂದು ಸಲ ಬಂದು, "ಮದಲಿಂಗನ ಗತೆ ಮಾಡಿಟ್ಟಿ ನೋಡಪಾ" ಎಂದ.

ಮರುದಿನ ಕಾಯ್ತಾನ್ ಸಾಹೇಬರು ಬೇರೆ ಗಡಿಬಿಡಿಯಲ್ಲಿದ್ದರು. ದೂರದಿಂದ ಒಮ್ಮೆ ನೋಡಿ, ಸೊಗಸಾಗಿದೆ ಎಂದು ಗುಂಡಿ ಒತ್ತಿದರು. ಕೈ ಮುಂದೆ ಚಾಚಿತು, ಕೆಳಗೆ ಬಾಗಿತು, ಮಣಿಕಟ್ಟು ತಿರುಗಿತು. ಪೈಪಿಗೆ ತಿರುಗಲು ಎಲ್ಲೂ ಜಾಗ ಉಳಿದಿರಲಿಲ್ಲ. ನೀಲಿ ಪೈಪು ಟಾರ್ಚಿಗೆ ಕೂಡಿಸುವ ನಳಿಗೆಯನ್ನೂ ಮುರಿದುಕೊಂಡು ಕಿತ್ತು ಬಂತು, ಹಾವಿನಂತೆ ಹೊಯ್ದಾಡಿ ಸಾಹೇಬರ ಇಸ್ತ್ರಿ ಅಂಗಿಯ ಮೇಲೆ, ಮಾವನ ತಲೆಯ ಮೇಲೆ, ಸುತ್ತ ನಿಂತವರ ಮೇಲೆಲ್ಲ ನೀರು ಚೆಲ್ಲಿತು. ಮೈಬೂಬಸಾಬ ಓಡಿ ಹೋಗಿ ಕೆಂಪು ಗುಂಡಿ ಒತ್ತಿದ. ಹುಡುಗರು ನಕ್ಕರು.

"ಕಿತೆಂ ರೇ ಹೆಂ, ಇದೇನಿದು," ಎಂದರು ಸಾಹೇಬರು ಮುಖ ಒರೆಸಿಕೊಳ್ಳುತ್ತ. ಬೈಯಲಿಲ್ಲ. ಬಾಗಿ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ನೋಡು ಯಮ್ನೂರ್, ದಸರೆಯ ಖಂಡೆ ಪೂಜೆ ಆದ ಮರುದಿನ ಮಾಲಕರು ಬರ್ತಾರೆ. ಅವತ್ತು ಮತ್ತೆ ಹೀಗಾದ್ರೆ ಪುಣೆಯಿಂದ ಜನ ತರಿಸ್ತಾರೆ. ಆಮೇಲೆ ನಿನಗೆ ಇಲ್ಲಿ ಕೊಡಲಿಕ್ಕೆ ನನ್ನ ಹತ್ರ ಒಂದೇ ಕೆಲಸ, ಗೇಟಿನ ಲೋಡಿಂಗ್."

ಲೋಡಿಂಗ್ ಎಂದರೆ ಕಬ್ಬಿಣದ ಚೌಕಟ್ಟು ಹೊತ್ತು ಲಾರಿಗೆ ಏರಿಸುವುದು. ಅದು ತನ್ನ ಬೆನ್ನಿನ ಕೊನೆ ಎಂದು ಮಾವನಿಗೆ ಗೊತ್ತಿತ್ತು. ಮಾತು ಕೊಟ್ಟ ಮೈಬೂಬಸಾಬನ ಮುಖ ನೋಡಲೂ ಆಗದೆ ಅವತ್ತು ಒಬ್ಬನೇ ನಡೆದು ಮನೆಗೆ ಬಂದ.

ಮನೆಯಲ್ಲಿ ಅತ್ತೆ ಪಕ್ಕದ ಮನೆಯ ಕೇಸರಿಬಾಯಿಗೆ ಹೊಲಿದ ಕುಬಸ ತೊಡಿಸಿ ನೋಡುತ್ತಿದ್ದಳು. ಮಾವನ ನೆನೆದು ಮುದುಡಿದ ಅಂಗಿ ನೋಡಿ, "ಯಾಕ್ರಿ, ನಿಮ್ಮ ತಲಿ ಇಲ್ಲದವ ಎತ್ತಿ ಕೆರಿಗೆ ಒಗದನೇನು?" ಎಂದಳು. ಮಾವ ಹೊಸ್ತಿಲ ಮೇಲೆ ಕುಳಿತ. ಅತ್ತೆ ಅವನನ್ನು ಅಲ್ಲಿಗೇ ಬಿಟ್ಟು ತನ್ನ ಕೆಲಸಕ್ಕೆ ತಿರುಗಿದಳು.

"ಕೈ ಮ್ಯಾಲ ಎತ್ತವಾ ಕೇಸರಿ. ಇನ್ನ ಹಿಂದ ತಗೋ. ಈಗ ಬಗ್ಗಿ ಕೊಡಾ ಎತ್ತಿದಂಗ ಮಾಡು."

"ಯವ್ವಾ, ನಾ ಕುಬಸಾ ಹೊಲಸಾಕ ಬಂದೇನೋ, ಪೊಲೀಸ್ ಭರ್ತಿಗೆ ಬಂದೇನೋ?"

"ನಿಂತಾಗ ಎಲ್ಲಾ ಕುಬಸಾನೂ ಚಂದನ ಕಾಣತಾವ. ಕೆಲಸಾ ಮಾಡುವಾಗ ಕಂಕಳದಾಗ ಹರದ್ರ ಬಂದು ನನಗ ಬೈತಿ."

ಹೊಸ್ತಿಲ ಮೇಲೆ ಕುಳಿತವನು ತಿರುಗಿ ನೋಡಿದ. ತಾನು ರೋಬೋಟನ್ನು ಅದು ನಿಂತಾಗ ಮಾತ್ರ ನೋಡಿ ಕಟ್ಟಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಲಾರಿಯ ಸರಕು ಅಲುಗಾಡಬಾರದು ಎಂದು ಕಟ್ಟುವುದು. ಇದು ಅಲುಗಾಡಲೆಂದೇ ಇರುವ ಸರಕು. ಕೇಸರಿಬಾಯಿ ಹೋದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದ. ನೀರು ಚೆಲ್ಲಿದ್ದಕ್ಕೆ ಅವಳು ನಕ್ಕಳು, ಲೋಡಿಂಗ್ ಎಂದಾಗ ನಗು ನಿಂತಿತು.

ರಜೆಯ ದಿನ ಬೆಳಿಗ್ಗೆ ನಮ್ಮ ಓಣಿಯವರು ಕಂಡದ್ದು ಇದು: ಯಮನೂರಪ್ಪ ಬರೀ ಬನಿಯನ್ನಿನಲ್ಲಿ ನಿಂತಿದ್ದಾನೆ, ಅವನ ಭುಜದಿಂದ ಬೆರಳವರೆಗೆ ನಲ್ಲಿಯ ಹಳೆಯ ಪೈಪು, ಅದನ್ನು ಅವನ ಹೆಂಡತಿ ಬಟ್ಟೆಯ ಚೂರುಗಳಿಂದ ಕಟ್ಟಿದ್ದಾಳೆ. ಅವಳು ಹೇಳಿದಂತೆ ಅವನು ಕೈ ಚಾಚುತ್ತಾನೆ, ಮಡಚುತ್ತಾನೆ, ಅಂಗೈ ತಿರುಗಿಸುತ್ತಾನೆ. ಎಲ್ಲಿ ಪೈಪು ಜಗ್ಗುತ್ತದೋ ಅಲ್ಲಿ ಅವಳು ಕಟ್ಟು ಬಿಚ್ಚುತ್ತಾಳೆ.

"ಚಂದವ್ವಾ, ಏನಾತ ನಿನ್ನ ಗಂಡಗ?" ಎಂದಳು ಕೇಸರಿಬಾಯಿ.

"ಕುಬಸಾ ಹೊಲಿಯಾಕತ್ತೇನಿ. ಸುಮ್ನ ನೋಡು."

ಭುಜದ ಬಳಿ ಒಂದು ಹಿಡಿತ, ಮೊಣಕೈ ದಾಟಿದ ಮೇಲೆ ಒಂದು, ಮಣಿಕಟ್ಟಿನ ಹಿಂದೆ ಒಂದು. ನಡುನಡುವೆ ಪೈಪು ತನ್ನ ಪಾಡಿಗೆ ಬಾಗುವಷ್ಟು ಉದ್ದ. ಇಷ್ಟಿದ್ದರೆ ಕೈ ಹೇಗೆ ತಿರುಗಿದರೂ ಜಗ್ಗುವುದಿಲ್ಲ ಎಂದಾಯಿತು. ತಲೆಗೆ ಅರ್ಥವಾಯಿತು, ಆದರೆ ಕೈಗೆ ಆಗಬೇಕಲ್ಲ? ಈಗ ಅತ್ತೆ ರೋಬೋಟಾದಳು, ಮಾವ ಕಟ್ಟತೊಡಗಿದ. ಪ್ರತಿ ಕಟ್ಟಿಗೂ ಆ ಹಾಳು ಕೊನೆಯ ಜಗ್ಗು ತಾನಾಗಿ ಬಂದುಬಿಡುತ್ತಿತ್ತು.

"ಅಯ್ಯ, ಕೈ ಮುರದೀರಿ. ನಾ ಏನ ನಿಮ್ಮ ಲಾರಿಯೇನು?"

"ಬ್ಯಾಡಂದ್ರೂ ಜಗ್ಗತೈತಿ. ಏನ ಮಾಡ್ಲಿ ಚಂದಿ?"

ಅತ್ತೆ ತನ್ನ ಎಡಗೈಯ ಬೆರಳನ್ನು ಕಟ್ಟಿನ ಕೆಳಗೆ ತೂರಿಸಿದಳು. "ನನ್ನ ಬೆರಳ ಇಲ್ಲಿ ಇರತೈತಿ. ಈಗ ಜಗ್ರಿ, ನೋಡೂಣು."

ಮಾವನಿಗೆ ಜಗ್ಗಲು ಆಗಲಿಲ್ಲ.

ಹಬ್ಬಕ್ಕೆ ಮುಂಚೆ ಅವನು ಕಾರ್ಖಾನೆಯಲ್ಲಿ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದ. ಅತ್ತೆಯ ಬೆರಳಿರಬೇಕಾದ ಜಾಗದಲ್ಲಿ ಪ್ರತಿ ಪಟ್ಟಿಯ ಕೆಳಗೂ ತನ್ನದೇ ಬೆರಳಿಟ್ಟು ಎಳೆದ. ಕಟ್ಟು ಈಗ ಜಡೆಯಂತಿರಲಿಲ್ಲ, ಮೊಣಕೈಯಲ್ಲಿ ಜೋತು ಬಿದ್ದು ಸ್ವಲ್ಪ ಸೋಮಾರಿಯಂತೆ ಕಾಣುತ್ತಿತ್ತು. ಕಾಯ್ತಾನ್ ಸಾಹೇಬರು ಈ ಸಲ ಹತ್ತಿರ ನಿಂತು, ಕೈಯನ್ನು ನಿಧಾನವಾಗಿ ಎಲ್ಲ ಕಡೆ ತಿರುಗಿಸಿ ನೋಡಿದರು.

"ಹಾಂ. ಇದನ್ನೇ ನಾನು ಮೊದಲ ದಿನ ಹೇಳಿದ್ದು."

"ಹೌದ್ರಿ."

"ಅವತ್ತು ಕೂಡ ಹೌದ್ರಿ ಅಂದಿದ್ದೆ ನೀನು."

"ಅವತ್ತ ಬರೇ ಕಿವಿ ಕೇಳಿತ್ರಿ."

ಮುರಿದ ನಳಿಗೆಯ ಬದಲು ಹೊಸದು ಬರುವುದು ಹಬ್ಬದ ಮರುದಿನವೇ. ಹಾಗಾಗಿ ನೀರು ಹರಿಸಿ ಪೂರ್ತಿ ವೇಗದಲ್ಲಿ ಓಡಿಸುವುದು ಮಾಲಕರ ಎದುರಿಗೇ ಎಂದು ಉಳಿಯಿತು.

ಖಂಡೆ ಪೂಜೆಯ ದಿನ ಎಲ್ಲ ಮಷೀನುಗಳನ್ನು ತೊಳೆದು, ವಿಭೂತಿ ಬಳಿದು, ಚೆಂಡುಹೂ ಏರಿಸಿದರು. ಮೈಬೂಬಸಾಬ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಪೇಢೆ ಹಂಚಿದ. ರೋಬೋಟಿಗೆ ಕುಂಬಳಕಾಯಿ ಒಡೆದದ್ದು ಮಾವನೇ. ಮೊಣಕೈಗೆ ಒಂದು ಹಾರ ಸುತ್ತಿ, ಈ ಸಲ ಕೈ ಬಿಡಬೇಡಪ್ಪಾ ಎಂದು ಕೈ ಮುಗಿದ.

ಮರುದಿನ ಮಾಲಕರು ಬರುವ ಮುಂಚೆ ಸಾಹೇಬರು ಹೂವನ್ನೆಲ್ಲ ತೆಗೆಸಿದರು. ಮಾಲಕರು ಬಂದು ಹಳದಿ ಗೆರೆಯ ಆಚೆ ನಿಂತರು. ಮಾವ ರೋಬೋಟಿನ ಸುತ್ತಲಿನ ಜಾಲರಿಯ ಬಳಿ ನಿಂತ. ಕೈ ಹೊರಟಿತು. ಮುಂದೆ, ಕೆಳಗೆ, ಮೊದಲ ಚೌಕಟ್ಟಿನ ಮೂಲೆಗೆ ಕಿಡಿ ಹಾರಿಸಿ, ಅಲ್ಲಿಂದ ಸರ್ರನೆ ಎರಡನೆಯ ಮೂಲೆಗೆ. ಮಣಿಕಟ್ಟು ತಿರುಗಿತು.

ಟಪ್ ಎಂದು ಏನೋ ಹರಿದ ಸದ್ದು.

ಮಾವ ಕಣ್ಣು ಮುಚ್ಚಿಕೊಂಡ. ನೀರು ತಲೆಯ ಮೇಲೆ ಬೀಳುವುದನ್ನು ಕಾದ. ಗೇಟಿನ ಬಳಿಯ ಲಾರಿ, ಹೆಗಲ ಮೇಲಿನ ಕಬ್ಬಿಣ ಎಲ್ಲ ಕಣ್ಣೊಳಗೆ ಬಂದವು. ನೀರು ಬೀಳಲಿಲ್ಲ. ಮುಂಗೈ ಮೇಲೆ ಏನೋ ಮೆತ್ತಗೆ ಬಿತ್ತು. ಕಣ್ಣು ಬಿಟ್ಟರೆ ಚೆಂಡುಹೂವಿನ ಎಸಳು.

ಪೈಪಿನ ಕಟ್ಟಿನ ಹಿಂದೆ ಸಿಕ್ಕಿಕೊಂಡಿದ್ದ ಆ ಮೊಣಕೈಯ ಹಾರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೈಪಿಗೆ ಬೆರಳಿಟ್ಟು ಕಟ್ಟಿದವನು ದೇವರ ಕೆಲಸ ಎಂದಾಗ ಬೆರಳು ಮರೆತು, ಬಂದರಿನ ಗಂಟನ್ನೇ ಬಿಗಿದಿದ್ದ. ಹಾರ ಹರಿದು ಹೂ ಚೆಲ್ಲಾಡಿತು. ಅದರ ಪಕ್ಕದಲ್ಲೇ ನೀಲಿ ಪೈಪು, ಕೆಂಪು ಪೈಪು ಆರಾಮಾಗಿ ಬಾಗಿ, ಮತ್ತೆ ನೆಟ್ಟಗಾಗಿ, ಕೈ ಹೋದಲ್ಲೆಲ್ಲ ಹೋಗುತ್ತಿದ್ದವು. ಒಂದು ಹನಿ ನೀರು ಕೆಳಗಿರಲಿಲ್ಲ.

"ಇದೇನು ಕಾಯ್ತಾನ್, ವೆಲ್ಡಿಂಗ್ ಜೊತೆ ಹೂ ಕೂಡ ಹಾಕುತ್ತದೆಯಾ?" ಎಂದರು ಮಾಲಕರು.

"ನಿನ್ನೆಯ ಪೂಜೆ, ಸರ್," ಎಂದು ಸಾಹೇಬರು ಮಾವನತ್ತ ನೋಡಿ ಮೀಸೆಯಲ್ಲೇ ನಕ್ಕರು.

ಮೈಬೂಬಸಾಬ ಬಂದು ಪಕ್ಕದಲ್ಲಿ ನಿಂತ. "ಮಗನ, ಜೀವಾ ಬಾಯಿಗೆ ಬಂದಿತ್ತು."

"ನಂದು ಬಾಯಿ ದಾಟಿ ಹೋಗಿತ್ತೋ," ಎಂದ ಮಾವ. ಕಂಬಕ್ಕೆ ಬೆನ್ನು ಆನಿಸಿ ಅಲ್ಲೇ ನೆಲಕ್ಕೆ ಕುಳಿತ. ಬೆನ್ನು ನೋಯುತ್ತಿರಲಿಲ್ಲ. ಹೂವಿನ ಎಸಳನ್ನು ಕೈಯಲ್ಲಿ ಹಿಡಿದುಕೊಂಡು, ರೋಬೋಟಿನ ಕೈ ಚೌಕಟ್ಟಿನ ಮೇಲೆ ಚೌಕಟ್ಟು ಮುಗಿಸುವುದನ್ನು ಚಹಾ ಬರುವವರೆಗೂ ನೋಡುತ್ತ ಕುಳಿತ.

ಸಂಜೆ ಮನೆಗೆ ಬಂದಾಗ ಅತ್ತೆ ಮೊದಲು ಅವನ ಅಂಗಿ ನೋಡಿದಳು. ಬೆಳಿಗ್ಗೆ ತೊಟ್ಟು ಹೋದ ಹಾಗೆಯೇ ಒಣಗಿಯೇ ಇತ್ತು. "ಕುಂಡ್ರಿ, ರೊಟ್ಟಿ ಬಡೀತೇನಿ," ಎಂದು ಒಳಗೆ ಹೋದವಳು, ಒಲೆಯ ಮುಂದೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಹೊಗೆಯ ಮೇಲೆ ಹಾಕಿದಳು.

ಆಮೇಲೆ ಎರಡನೆಯ ರೋಬೋಟು ಬಂತು, ಮೂರನೆಯದೂ ಬಂತು. ಮಾವ ಎಲ್ಲಕ್ಕೂ ಪೈಪು ಕಟ್ಟಿದ, ಬೆರಳಿಟ್ಟೇ ಕಟ್ಟಿದ. ಅದು ಎಷ್ಟು ರೂಢಿಯಾಯಿತೆಂದರೆ ಬೇರೆ ಗಂಟು ಅವನ ಕೈಗೆ ಬರುವುದೇ ನಿಂತಿತು. ಮುಂದಿನ ಮಳೆಗಾಲದಲ್ಲಿ ಗಾಳಿ ಬಿಟ್ಟಾಗ ಮಾವ ಕೆಳಗೆ ನಿಂತೇ ಹಗ್ಗ ಕಟ್ಟಿದ್ದ ಅವರ ಮನೆಯ ಮಾಡಿನ ತಾಡಪತ್ರಿ ಎದ್ದು ಹಾರಿ ಕೇಸರಿಬಾಯಿಯ ಮಾಡಿನ ಮೇಲೆ ಹೋಗಿ ಮಲಗಿತು.

"ಮನಿಗೆ ಬಂದ ಮ್ಯಾಲರ ಆ ಬೆರಳ ತಗೀರಿ," ಎಂದು ಅತ್ತೆ ಸೋರುವ ಜಾಗಕ್ಕೆ ಪಾತ್ರೆ ಇಡುತ್ತ ಬೈದಳು.

ಮಾವ ಮಾಡು ಏರುವ ಹಾಗಿರಲಿಲ್ಲ. ಕೆಳಗೆ ನಿಂತು, ಮಳೆಯಲ್ಲಿ ನೆನೆಯುತ್ತ, ನಗುತ್ತ, ಮೇಲೆ ಹತ್ತಿದ ಮೈಬೂಬಸಾಬನಿಗೆ ಹಗ್ಗ ಎಸೆದ. "ಇನ್ನೊಂದ ಸಲ ಜಗ್ಗೋ," ಎಂದ.